ಜಿ. ಆರ್. ವಿಶ್ವನಾಥ್

ಗುಂಡಪ್ಪ ರಂಗನಾಥ ವಿಶ್ವನಾಥ್ (ಜನನ: 12 ಫೆಬ್ರವರಿ 1949, ಭದ್ರಾವತಿ) ಕರ್ನಾಟಕದ ಪ್ರಸಿದ್ಧ ಕ್ರಿಕೆಟ್ ಆಟಗಾರರು ಮತ್ತು ಭಾರತ ತಂಡದ ಮಾಜಿ ನಾಯಕರು. ಅಭಿಮಾನಿಗಳಿಗೆ ಅವರು 'ವಿಶಿ'. 1969ರಿಂದ 1983ರವರೆಗೆ 91 ಟೆಸ್ಟ್ ಪಂದ್ಯಗಳನ್ನಾಡಿ, 14 ಶತಕಗಳೊಂದಿಗೆ 6,080 ರನ್ ಗಳಿಸಿದರು. ರನ್ನುಗಳ ಮೊತ್ತಕ್ಕಿಂತ ಅವು ಒದಗಿಬಂದ ಸಂದರ್ಭ, ಆಟದ ಸೊಬಗು ಹಾಗೂ ಮೈದಾನದಲ್ಲಿನ ಸಜ್ಜನಿಕೆ ಅವರ ಕೀರ್ತಿಗೆ ಮುಖ್ಯ ಕಾರಣಗಳಾಗಿವೆ.

ಆರಂಭದ ವರ್ಷಗಳು

1967ರಲ್ಲಿ ಮೈಸೂರು ತಂಡದ ಪರವಾಗಿ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ವಿಶ್ವನಾಥ್ 230 ರನ್ ಗಳಿಸಿದರು. 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಜೀವನ ಆರಂಭವಾಯಿತು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದ ಅವರು ಎರಡನೆಯದರಲ್ಲಿ 137 ರನ್ ಬಾರಿಸಿದರು.

ಆಟದ ಶೈಲಿ

ಗಿಡ್ಡ ಮೈಕಟ್ಟಿನ ವಿಶ್ವನಾಥ್ ಅವರ ಶಕ್ತಿಯೆಲ್ಲ ಮಣಿಕಟ್ಟಿನಲ್ಲಿತ್ತು. ಚೆಂಡನ್ನು ಕೊನೆಯ ಕ್ಷಣದವರೆಗೆ ಕಾದು ಆಡುವ ಸ್ಕ್ವೇರ್ ಕಟ್ ಮತ್ತು ಲೇಟ್ ಕಟ್ ಹೊಡೆತಗಳು ಅವರ ಹೆಗ್ಗುರುತುಗಳಾಗಿದ್ದವು.

ಸ್ಮರಣೀಯ ಆಟಗಳು

1975ರ ಜನವರಿಯಲ್ಲಿ ಮದರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಬಳಿಸಿದಾಗ ಭಾರತ 190 ರನ್ನಿಗೆ ಕುಸಿಯಿತು. ಅದರಲ್ಲಿ ಔಟಾಗದೆ ಉಳಿದ ವಿಶ್ವನಾಥ್ ಅವರ ಪಾಲು 97. ಆ ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ಶತಕಕ್ಕೆ ಮೂರು ರನ್ ಕಡಿಮೆಯಾದ ಈ ಆಟವನ್ನು ಅನೇಕರು ಅವರ ಶ್ರೇಷ್ಠ ಆಟವೆಂದು ಪರಿಗಣಿಸುತ್ತಾರೆ.

1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್ನುಗಳ ಗುರಿಯನ್ನು ತಲುಪಿದಾಗ ಅವರು 112 ರನ್ ಗಳಿಸಿದ್ದರು. 1981ರ ಮೆಲ್ಬರ್ನ್ ವಿಜಯದಲ್ಲಿಯೂ ಅವರ 114 ರನ್ನುಗಳು ನಿರ್ಣಾಯಕವಾದವು. ಅವರು ಶತಕ ಹೊಡೆದ ಯಾವ ಟೆಸ್ಟ್‌ನಲ್ಲಿಯೂ ಭಾರತ ಸೋಲಲಿಲ್ಲ. ಅವರ ಗರಿಷ್ಠ ಮೊತ್ತ 222. ಇದು 1982ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಬಂದಿತು.

1973-74ರ ರಣಜಿ ಸೆಮಿಫೈನಲ್ ಬೆಂಗಳೂರಿನಲ್ಲಿ ನಡೆಯಿತು. ಸತತ 15 ವರ್ಷ ಚಾಂಪಿಯನ್ ಆಗಿದ್ದ ಮುಂಬಯಿಯನ್ನು ಕರ್ನಾಟಕ ಅಲ್ಲಿ ಹಿಂದಿಕ್ಕಲು ವಿಶ್ವನಾಥ್ ಅವರ 162 ರನ್ ನೆರವಾದವು. ರಾಜ್ಯವು ಆ ವರ್ಷ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು.

ಸುವರ್ಣ ಮಹೋತ್ಸವ ಟೆಸ್ಟ್

ವಿಶ್ವನಾಥ್ ಎರಡು ಟೆಸ್ಟ್‌ಗಳಲ್ಲಿ ಭಾರತವನ್ನು ಮುನ್ನಡೆಸಿದರು. ಅವುಗಳಲ್ಲಿ ಒಂದು, 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಸಂಕಷ್ಟದಲ್ಲಿತ್ತು. ಆ ಬಳಿಕ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚಿತ್ತರೆಂದು ಅಂಪೈರ್ ತೀರ್ಪು ನೀಡಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಟೇಲರ್ ಅವರನ್ನು ಮರಳಿ ಆಡಲು ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ ಜೋಡಿ 171 ರನ್ ಸೇರಿಸಿತು; ಭಾರತ 10 ವಿಕೆಟ್‌ಗಳಿಂದ ಸೋತಿತು. ಗೆಲುವಿಗೆ ಎರವಾದ ಆ ನಿರ್ಧಾರವೇ ಕ್ರೀಡಾಧರ್ಮದ ನಿದರ್ಶನವಾಗಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಅಭಿಮಾನ ಮತ್ತು ಗೌರವ

ಆ ಕಾಲದಲ್ಲಿ ಆಳಂದ, ಅಫಜಲಪುರ, ಜೇವರ್ಗಿಯಂತಹ ದೂರದ ತಾಲ್ಲೂಕುಗಳ ಕ್ರೀಡಾಸಕ್ತರಿಗೆ ಟೆಸ್ಟ್ ಕ್ರಿಕೆಟ್ ತಲುಪುತ್ತಿದ್ದುದು ಮುಖ್ಯವಾಗಿ ರೇಡಿಯೊ ಕಾಮೆಂಟರಿ ಹಾಗೂ ಪತ್ರಿಕೆಗಳ ಮೂಲಕ. ಸಹ ಆಟಗಾರರಲ್ಲಿಯೂ ಅವರ ಬಗ್ಗೆ ಅಷ್ಟೇ ಅಭಿಮಾನವಿತ್ತು. ಸುನಿಲ್ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಕನ್ಹಾಯ್, ಜಯಸಿಂಹ ಮತ್ತು ವಿಶ್ವನಾಥ್ ಅವರ ಹೆಸರುಗಳನ್ನು ಕೂಡಿಸಿ ರೋಹನ್ ಜಯವಿಶ್ವ ಎಂದು ಹೆಸರಿಟ್ಟರು. ಗಾವಸ್ಕರ್ ಅವರ ತಂಗಿ ಕವಿತಾ, ವಿಶ್ವನಾಥ್ ಅವರ ಪತ್ನಿ.

ನಿವೃತ್ತಿಯ ನಂತರ ವಿಶ್ವನಾಥ್ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ಮತ್ತು ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ಸೇವೆ ಸಲ್ಲಿಸಿದರು. ಅರ್ಜುನ ಪ್ರಶಸ್ತಿ ಹಾಗೂ ಸಿ. ಕೆ. ನಾಯುಡು ಜೀವಮಾನ ಸಾಧನೆ ಪ್ರಶಸ್ತಿಗಳು ಅವರಿಗೆ ಸಂದಿವೆ.