‘ನಾಟ್’ ಎಂಬ ವೇಗಮಾನದ ಪೂರ್ವೋತ್ತರ

ನಮ್ಮ ದೇಶದ ರಸ್ತೆಗಳೂ ರೈಲುಮಾರ್ಗಗಳೂ ಮೈಲಿಯನ್ನು ತೊರೆದು ಕಿಲೋಮೀಟರನ್ನು ಅಂಗೀಕರಿಸಿ ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಸಂದಿದೆಯಾದರೂ, ಪಣಂಬೂರಿನ ಬಂದರನ್ನು ಬಂದು ಸೇರುವ ಹಡಗೂ, ಅಲ್ಲಿಗೆ ಅನತಿದೂರದಲ್ಲಿರುವ ಬಜಪೆಯ ನಿಲ್ದಾಣದಲ್ಲಿ ಇಳಿಯುವ ವಿಮಾನವೂ ತಮ್ಮ ವೇಗವನ್ನು ಇಂದಿಗೂ ‘ನಾಟ್’ ಎಂಬ ಮಾನದಿಂದಲೇ ಎಣಿಸುತ್ತವೆ. ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರು, ಸಾಗಿದರೆ ಅದು ಒಂದು ನಾಟ್. ಹಿಂದಿನ ನಾವಿಕರು ಗಂಟುಗಳನ್ನು ಹಾಕಿದ ಹಗ್ಗವೊಂದನ್ನು ಸಮುದ್ರಕ್ಕೆ ಬಿಟ್ಟು, ಗೊತ್ತಾದ ಅವಧಿಯಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದುವೆಂದು ಎಣಿಸುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಸಾಮಾನ್ಯವಾಗಿ ಹೇಳುವುದುಂಟು, ಅದು ದಿಟವೇ. ಆದರೆ ಗಂಟಿಗೂ ಗಂಟಿಗೂ ನಡುವೆ ಎಷ್ಟು ಅಂತರವಿರಬೇಕು, ಆ ಅಂತರವನ್ನು ಯಾವ ಆಧಾರದ ಮೇಲೆ ನಿಶ್ಚಯಿಸಿದರು, ನಿಶ್ಚಯಿಸಿದ್ದು ತಪ್ಪೆಂದು ಸಿದ್ಧವಾದ ಮೇಲೂ ನಾವಿಕರು ಅದನ್ನೇ ಏಕೆ ಬಿಡದೆ ಹಿಡಿದರು ಎಂಬ ಪ್ರಶ್ನೆಗಳನ್ನು ಎತ್ತಿದೊಡನೆ, ಸರಳವೆಂದು ತೋರಿದ ಈ ಕಥೆ ಭೂಮಿಯ ಗಾತ್ರವನ್ನು ಕುರಿತ ಹಳೆಯ ವಿವಾದದೊಳಕ್ಕೆ ನಮ್ಮನ್ನು ಕೊಂಡೊಯ್ಯುತ್ತದೆ. ಆ ಜಾಡನ್ನು ಅನುಸರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಗ್ಗಕ್ಕೆ ಮುಂಚಿನ ಕಾಲದಲ್ಲಿ ಹಡಗಿನ ವೇಗವು ಬಹುಮಟ್ಟಿಗೆ ಅಂದಾಜಿನ ವಿಷಯವಾಗಿತ್ತು. 1492ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಕೊಲಂಬಸ್ಸನು ವೇಗವನ್ನು ಕಣ್ಣಳತೆಯಿಂದಲೇ ಊಹಿಸಿಕೊಳ್ಳಬೇಕಾಗಿತ್ತು. ಹಡಗಿನ ಮುಂಭಾಗದಿಂದ ಮರದ ಚೂರೊಂದನ್ನು ಎಸೆದು, ಅದು ಹಿಂಭಾಗವನ್ನು ದಾಟುವಷ್ಟರಲ್ಲಿ ಎಷ್ಟು ಹೊತ್ತಾಯಿತೆಂದು ನೋಡುವ ಉಪಾಯವೂ ಇದ್ದಿತು; ಡಚ್ಚರ ಹೆಸರಿನಲ್ಲಿ ಪ್ರಸಿದ್ಧವಾದ ಆ ವಿಧಾನದಲ್ಲಿ ಹಡಗಿನ ಉದ್ದವೇ ಅಳತೆಗೋಲು. ಹಿಂದೂ ಮಹಾಸಾಗರದ ಪದ್ಧತಿಯಾದರೋ ಇವೆರಡಕ್ಕಿಂತಲೂ ಸೂಕ್ಷ್ಮವಾದುದೆಂದು ನನ್ನ ಅಭಿಪ್ರಾಯ. 15ನೆಯ ಶತಮಾನದ ಅಹ್ಮದ್ ಇಬ್ನ್ ಮಾಜಿದನೇ ಮೊದಲಾದ ಅರಬ್ ನಾವಿಕರು ಧ್ರುವತಾರೆಯ ಎತ್ತರವನ್ನು ‘ಇಸ್ಬಾ’, ಅಂದರೆ ಬೆರಳಿನ ದಪ್ಪದಿಂದ ಅಳೆದರು. ಕಾಲವನ್ನು ನಮ್ಮ ಯಾಮದಂತೆಯೇ ಮೂರು ಗಂಟೆಗಳ ‘ಜಾಮ್’ ಎಂಬ ಭಾಗಗಳಾಗಿ ವಿಂಗಡಿಸಿದರು. ನೇರವಾಗಿ ಉತ್ತರಕ್ಕೆ ಎಂಟು ಜಾಮ್ ಸಾಗಿದರೆ ಧ್ರುವತಾರೆ ಒಂದು ಬೆರಳಿನಷ್ಟು ಮೇಲೇರುವುದೆಂದು ಲೆಕ್ಕ ಹಾಕಿದರು. ಒಂದು ಇಸ್ಬಾ ಸುಮಾರು ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚಾದುದರಿಂದ, ಇಂದಿನ ಲೆಕ್ಕದಲ್ಲಿ ಇದು ನಾಲ್ಕು ನಾಟ್‌ಗಳ ಆಸುಪಾಸಿನ ವೇಗ. ಕಾಲವನ್ನೂ ದೂರವನ್ನೂ ಭೂಮಿಯ ವಕ್ರತೆಯೊಡನೆ ನೇರವಾಗಿ ಜೋಡಿಸಬೇಕೆಂಬ ತತ್ತ್ವ, ಮುಂದೆ ಯೂರೋಪಿಯನ್ನರು ಹಗ್ಗದ ಮೂಲಕ ಬಹಳ ಶ್ರಮದಿಂದ ತಲುಪಿದ ತತ್ತ್ವ, ಇಲ್ಲಿ ಆಗಲೇ ಸ್ಫುಟವಾಗಿ ಕಾಣುತ್ತದೆ.

ಗ್ರೇವ್ಸೆಂಡ್ ಪಟ್ಟಣದ ವಿಲಿಯಂ ಬೌರ್ನನು 1574ರಲ್ಲಿ ಪ್ರಕಟಿಸಿದ ‘ಎ ರೆಜಿಮೆಂಟ್ ಫಾರ್ ದ ಸೀ’ ಎಂಬ ಗ್ರಂಥದಲ್ಲಿ ಹಗ್ಗದ ವಿಧಾನದ ವರ್ಣನೆ ಮೊತ್ತಮೊದಲಿಗೆ ಮುದ್ರಿತವಾಗಿ ದೊರೆಯುತ್ತದೆ. ಕಾಲಕ್ರಮದಲ್ಲಿ ಪರಿಷ್ಕಾರಗೊಂಡ ಆ ಸಾಧನ ಹೀಗಿದ್ದಿತು: ವೃತ್ತದ ಕಾಲುಭಾಗದ ಆಕಾರಕ್ಕೆ ಕತ್ತರಿಸಿದ ಮರದ ಹಲಗೆ, ಅದು ನೀರಿನಲ್ಲಿ ನೆಟ್ಟಗೆ ನಿಲ್ಲುವಂತೆ ಬಾಗಿದ ಅಂಚಿಗೆ ಸೇರಿಸಿದ ಸೀಸ, ಹಲಗೆಯ ಮೂರು ಮೂಲೆಗಳಿಗೆ ಕಟ್ಟಿದ ಮೂರು ಎಳೆಗಳು, ಅವೆಲ್ಲವೂ ಕೂಡಿ ರಾಟೆಗೆ ಸುತ್ತಿದ ನೀಳವಾದ ಹಗ್ಗಕ್ಕೆ ಸೇರುವ ಏರ್ಪಾಡು. ‘ಲಾಗ್’ ಎಂಬ ಹೆಸರಿನ ಈ ಹಲಗೆಯನ್ನು ಹಡಗಿನ ಹಿಂಭಾಗದಿಂದ ನೀರಿಗೆ ಬಿಟ್ಟರೆ ಅದು ನೀರಿಗೆ ಎದೆಯೊಡ್ಡಿ ಹೆಚ್ಚುಕಡಿಮೆ ಇದ್ದಲ್ಲಿಯೇ ನಿಲ್ಲುತ್ತಿತ್ತು. ಹಡಗು ಮುಂದೆ ಹೋದಂತೆಲ್ಲ ರಾಟೆ ಬಿಚ್ಚಿಕೊಳ್ಳುತ್ತಿತ್ತು. ಹಡಗಿನ ಹಿಂದಣ ಕದಡಿದ ನೀರನ್ನು ಹಲಗೆ ದಾಟಲೆಂದು ಮೊದಲ ಕೆಲವು ಮಾರು ಹಗ್ಗವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು, ಅಲ್ಲಿ ಕಟ್ಟಿದ ಬಟ್ಟೆಯ ತುಂಡು ಕಂಡೊಡನೆ ಒಬ್ಬನು ಮರಳುಗಡಿಯಾರವನ್ನು ತಲೆಕೆಳಗು ಮಾಡುವನು. ಮರಳು ಪೂರ್ತಿ ಇಳಿದೊಡನೆ ಅವನ ಕೂಗನ್ನು ಕೇಳಿ ಇನ್ನೊಬ್ಬನು ಹಗ್ಗವನ್ನು ಗಟ್ಟಿಯಾಗಿ ಹಿಡಿಯುವನು. ಆ ಜಗ್ಗಿಗೆ ಎಳೆಯೊಂದರ ಬೆಣೆ ಕಳಚಿ, ಹಲಗೆ ಅಡ್ಡಲಾಗಿ ಮಲಗಿ, ಸುಲಭವಾಗಿ ಮೇಲಕ್ಕೆ ಬರುವುದು. ಹೊರಕ್ಕೆ ಹೋದ ಗಂಟುಗಳ ಸಂಖ್ಯೆಯೇ ವೇಗದ ಸಂಖ್ಯೆ. ಭಾಗಾಕಾರವಾಗಲಿ ಗುಣಾಕಾರವಾಗಲಿ ಬೇಡದ ಈ ಉಪಾಯವು, ಅಕ್ಷರಜ್ಞಾನವೇ ವಿರಳವಾಗಿದ್ದ ಕೆಲಸಗಾರರ ಕೈಗೆ ಒಪ್ಪುವಂಥದಾಗಿತ್ತು.

ಇನ್ನು ಮೂಲಪ್ರಶ್ನೆಗೆ ಬರೋಣ. ಒಂದು ಗಂಟೆಯಲ್ಲಿ ಮೂವತ್ತು ಸೆಕೆಂಡುಗಳ ಅವಧಿಗಳು 120 ಇರುವುದರಿಂದ, ಮರಳು ಇಳಿಯಲು ಮೂವತ್ತು ಸೆಕೆಂಡು ಹಿಡಿದರೆ ಗಂಟುಗಳ ನಡುವಣ ಅಂತರವೂ ಮೈಲಿಯ 120ನೆಯ ಒಂದು ಪಾಲಾಗಿರಬೇಕು. ಆದರೆ ಯಾವ ಮೈಲಿ? ನಾವಿಕನಿಗೆ ಬೇಕಾದುದು ಭೂಮಧ್ಯರೇಖೆಯಿಂದ ಧ್ರುವದವರೆಗೆ ಹಬ್ಬಿದ ಮಹಾವೃತ್ತದಲ್ಲಿ ಒಂದು ಡಿಗ್ರಿಯ ಅರವತ್ತನೆಯ ಪಾಲು, ಜ್ಯೋತಿಷಿಗಳು ‘ಕಲೆ’ಯೆಂದು ಕರೆಯುವ ಅಂಶ; ಅದನ್ನು ಹಿಡಿದರೆ ಮಾತ್ರ ನಕ್ಷತ್ರವನ್ನು ನೋಡಿ ತಿಳಿದ ಅಕ್ಷಾಂಶಕ್ಕೂ ಹಗ್ಗದಿಂದ ತಿಳಿದ ದೂರಕ್ಕೂ ಮೇಳ ಕೂಡುವುದು. ಆ ಕಲೆಯ ಉದ್ದವೆಷ್ಟೆಂಬುದು ಮಾತ್ರ ಬೌರ್ನನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಡಿಗ್ರಿಗೆ ತಲಾ 5000 ಅಡಿಗಳ ಅರವತ್ತು ಮೈಲಿಗಳೆಂಬ ಹಳೆಯ ಗಣನೆಯನ್ನು ನಂಬಿ, 5000ವನ್ನು 120ರಿಂದ ಭಾಗಿಸಿ, ಬಂದ ಲಬ್ಧವನ್ನು ಸ್ವಲ್ಪ ಏರಿಸಿ, 42 ಅಡಿ, ಅಂದರೆ ಸರಿಯಾಗಿ ಏಳು ಮಾರುಗಳಿಗೆ ಒಂದು ಗಂಟನ್ನು ಹಾಕಿಕೊಂಡರು. ಮಾರನ್ನು ಕೈಚಾಚಿ ಅಳೆಯಬಹುದಾದ ಕಾರಣ ಏಳೆಂಬ ಸಂಖ್ಯೆ ಅವರಿಗೆ ಅನುಕೂಲವಾಗಿಯೂ ಇದ್ದಿತು.

ಈ ಗಣನೆ ಅಶುದ್ಧವೆಂದು ತೋರಿಸಿಕೊಟ್ಟವನು ರಿಚರ್ಡ್ ನಾರ್ವುಡ್. ಬರ್ಮುಡಾ ದ್ವೀಪಗಳನ್ನು ಮೋಜಣಿ ಮಾಡಿ ಹೆಸರಾದ ಈ ಗಣಿತಜ್ಞನು 1633ರಲ್ಲಿ ಲಂಡನ್ನಿನಲ್ಲಿಯೂ 1635ರಲ್ಲಿ ಯಾರ್ಕ್ ನಗರದಲ್ಲಿಯೂ ಜೂನ್ ತಿಂಗಳಿನ ಮಧ್ಯಾಹ್ನಸೂರ್ಯನ ಎತ್ತರವನ್ನು ಅಳೆದು, ಆ ಎರಡು ಊರುಗಳ ನಡುವಣ ದಾರಿಯನ್ನು ಸ್ವಲ್ಪಭಾಗ ಸರಪಳಿಯಿಂದಲೂ ಸ್ವಲ್ಪಭಾಗ ಹೆಜ್ಜೆಯಿಂದಲೂ ಅಳೆದುಕೊಂಡು ನಡೆದು, ದಾರಿಯ ತಿರುವು ಏರಿಳಿತಗಳಿಗೆ ತಕ್ಕ ತಿದ್ದುಪಡಿಗಳನ್ನು ಮಾಡಿ, ಒಂದು ಡಿಗ್ರಿಗೆ 3,67,196 ಅಡಿಗಳೆಂದು ನಿರ್ಣಯಿಸಿದನು. ಆ ಅಕ್ಷಾಂಶದಲ್ಲಿ ಇಂದು ಅಂಗೀಕೃತವಾದ ಬೆಲೆ ಸುಮಾರು 3,65,000 ಅಡಿ. ರಾಜಮಾರ್ಗದ ಧೂಳಿನಲ್ಲಿ ಏಕಾಕಿಯಾಗಿ ನಡೆದ ಒಬ್ಬ ಮನುಷ್ಯನ ಅಳತೆ ನೂರಕ್ಕೆ ಒಂದರಷ್ಟೂ ತಪ್ಪದಿದ್ದುದು ನಿಜವಾಗಿಯೂ ಆಶ್ಚರ್ಯಕರ. 1637ರಲ್ಲಿ ಪ್ರಕಟಿಸಿದ ‘ದ ಸೀಮನ್ಸ್ ಪ್ರಾಕ್ಟಿಸ್’ ಎಂಬ ಪುಸ್ತಕದಲ್ಲಿ ಅವನು, ನಾವಿಕರ ಮೈಲಿ 6120 ಅಡಿಯೆಂದೂ, ಅದರಂತೆ ಗಂಟುಗಳ ಅಂತರ 51 ಅಡಿಯಿರಬೇಕೆಂದೂ, ಮುನ್ನೆಚ್ಚರಿಕೆಗಾಗಿ 50 ಅಡಿಯನ್ನು ಹಿಡಿದರೆ ಸಾಕೆಂದೂ ಸೂಚಿಸಿದನು.

ಇಷ್ಟು ನಿರ್ವಿವಾದವಾದ ತಿದ್ದುಪಡಿಯನ್ನು ನಾವಿಕಸಮುದಾಯವು ಒಡನೆಯೇ ಸ್ವೀಕರಿಸಿರಬಹುದೆಂದು ನಾವು ಭಾವಿಸಿದರೆ ತಪ್ಪಾಗುತ್ತದೆ. ಅನೇಕರು ಏಳು ಮಾರುಗಳ ಹಗ್ಗವನ್ನು ಬಿಡಲಿಲ್ಲ; ಕೆಲವರು ಹಗ್ಗವನ್ನು ಹಾಗೆಯೇ ಉಳಿಸಿಕೊಂಡು ಮರಳನ್ನು ಕಡಿಮೆ ಮಾಡಿ ಗಡಿಯಾರದ ಅವಧಿಯನ್ನು ಇಪ್ಪತ್ತೈದು ಸೆಕೆಂಡುಗಳ ಹತ್ತಿರಕ್ಕೆ ಇಳಿಸಿದರು. ಇದನ್ನು ಅಜ್ಞಾನದ ಹಟವೆಂದು ಬಗೆದು ತಳ್ಳಿಹಾಕುವುದು ಸುಲಭ. ಆದರೆ ಲೆಕ್ಕವನ್ನು ಮಾಡಿ ನೋಡಿದರೆ ಬೇರೊಂದು ಸಂಗತಿ ಹೊರಪಡುತ್ತದೆ. ಮೂವತ್ತು ಸೆಕೆಂಡುಗಳಲ್ಲಿ 42 ಅಡಿಯ ಹಗ್ಗ ಆರು ಗಂಟುಗಳನ್ನು ತೋರಿಸಿದಾಗ ಹಡಗಿನ ವಾಸ್ತವವಾದ ವೇಗ ಐದು ನಾಟ್ ಮಾತ್ರ. ಒಂದು ಹಗಲು ಒಂದು ಇರುಳು ಕಳೆಯುವಷ್ಟರಲ್ಲಿ ಪುಸ್ತಕದಲ್ಲಿ 144 ಮೈಲಿ ದಾಖಲಾಗಿರುತ್ತದೆ. ಸಾಗಿದುದು ಸುಮಾರು 120. ಅಂದರೆ ಲೆಕ್ಕದ ಹಡಗು ಯಾವಾಗಲೂ ನಿಜವಾದ ಹಡಗಿಗಿಂತ ಮುಂದಿರುತ್ತದೆ. ತೀರ ಸಮೀಪಿಸಿತೆಂದು ನಂಬಿದ ನಾವಿಕನು ಹಾಯಿಗಳನ್ನು ಇಳಿಸಿ ಆಳವನ್ನು ನೋಡತೊಡಗುವ ಹೊತ್ತಿಗೆ ತೀರ ಇನ್ನೂ ದೂರದಲ್ಲಿಯೇ ಇರುತ್ತದೆ. ರೇಖಾಂಶವನ್ನು ತಿಳಿಯುವ ಉಪಾಯವೇ ಇಲ್ಲದಿದ್ದ ಆ ಕಾಲದಲ್ಲಿ, ಕತ್ತಲೆಯಲ್ಲಿ ಬಂಡೆಗೆ ಬಡಿಯುವುದಕ್ಕಿಂತ ಒಂದೆರಡು ದಿನ ತಡವಾಗಿ ನೆಲವನ್ನು ಕಾಣುವುದು ಲೇಸೆಂದು ಅವರು ಎಣಿಸಿದರೆ ಅದರಲ್ಲಿ ಅವಿವೇಕವೇನೂ ಇಲ್ಲ. ನಾರ್ವುಡ್ಡನೇ 51ನ್ನು 50ಕ್ಕೆ ಇಳಿಸಿದುದೂ ಇದೇ ಮನೋಧರ್ಮದಿಂದ. ಆದರೂ ಎಚ್ಚರಿಕೆಗೊಂದು ಮಿತಿಯಿರಬೇಕು: ಐವತ್ತರಲ್ಲಿ ಒಂದು ಪಾಲು ಎಚ್ಚರಿಕೆ, ಆರರಲ್ಲಿ ಒಂದು ಪಾಲು ಪ್ರಮಾದ. ಸಾಗರವನ್ನೇ ದಾಟುವ ದೀರ್ಘಯಾನದಲ್ಲಿ ಅಷ್ಟು ದೊಡ್ಡ ತಪ್ಪು ದಿನದಿನಕ್ಕೂ ಬೆಳೆದು, ಮುಂದಿನ ನೆಲ ಎಷ್ಟು ದೂರವೆಂಬುದೇ ತಿಳಿಯದೆ, ಕುಡಿಯುವ ನೀರಿನ ಹಂಚಿಕೆಯೂ ಕೆಡಬಹುದಾಗಿತ್ತು. ಕೊನೆಗೆ ಇಪ್ಪತ್ತೆಂಟು ಸೆಕೆಂಡುಗಳ ಗಡಿಯಾರಕ್ಕೆ 47 ಅಡಿ 3 ಅಂಗುಲಗಳ ಅಂತರವೆಂಬ ಶುದ್ಧವಾದ ಜೋಡಿ ನೆಲೆಗೊಂಡಿತು. ಭರದಿಂದ ಸಾಗುವ ಹಡಗುಗಳಲ್ಲಿ ಹದಿನಾಲ್ಕು ಸೆಕೆಂಡುಗಳ ಗಡಿಯಾರವನ್ನಿಟ್ಟು ಗಂಟುಗಳನ್ನು ಇಮ್ಮಡಿಯಾಗಿ ಎಣಿಸುವ ರೂಢಿಯೂ ಬಂದಿತು.

ಅಂಕಗಣಿತ ಶುದ್ಧವಾದರೂ ಸಾಮಗ್ರಿ ಶುದ್ಧವಾಗಿರುತ್ತಿತ್ತೆಂದಲ್ಲ. ಹಗ್ಗ ನೆನೆದರೆ ಕುಗ್ಗುವುದು, ಜಗ್ಗಿದರೆ ಹಿಗ್ಗುವುದು. ತೇವದಲ್ಲಿ ಮರಳು ನಿಧಾನವಾಗಿ ಇಳಿಯುವುದು. ಹಲಗೆಯೂ ಸ್ವಲ್ಪಮಟ್ಟಿಗೆ ಹಡಗಿನ ಹಿಂದೆಯೇ ಸೆಳೆದುಕೊಂಡು ಬರುವುದು. ಎಲ್ಲಕ್ಕಿಂತ ಮಿಗಿಲಾಗಿ, ಸಮುದ್ರದ ಪ್ರವಾಹವು ಹಡಗನ್ನೂ ಹಲಗೆಯನ್ನೂ ಒಟ್ಟಿಗೇ ಕೊಂಡೊಯ್ಯುತ್ತಿದ್ದರೆ ಹಗ್ಗಕ್ಕೆ ಅದರ ಸುಳಿವೇ ಹತ್ತುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಟುಗಳ ಹಗ್ಗ ಕ್ರಮೇಣ ಹಿಂದೆ ಸರಿಯಿತು. 1802ರಲ್ಲಿ ಎಡ್ವರ್ಡ್ ಮ್ಯಾಸಿಯೂ ಅನಂತರ ಅವನ ಬಂಧುವಾದ ಥಾಮಸ್ ವಾಕರನೂ ನೀರಿನಲ್ಲಿ ತಿರುಗುವ ಅಲಗುಗಳಿಂದ ದೂರವನ್ನು ತಾನಾಗಿಯೇ ದಾಖಲಿಸುವ ಯಂತ್ರಗಳನ್ನು ನಿರ್ಮಿಸಿದರು. ಹಾಯಿಹಡಗುಗಳ ಕೊನೆಯ ವೈಭವವೂ ಆ ಶತಮಾನದ್ದೇ: 1854ರ ಡಿಸೆಂಬರಿನಲ್ಲಿ ‘ಚಾಂಪಿಯನ್ ಆಫ್ ದ ಸೀಸ್’ ಒಂದೇ ದಿನದಲ್ಲಿ 465 ನಾಟಿಕಲ್ ಮೈಲಿಗಳನ್ನು ಕ್ರಮಿಸಿತೆಂದು ದಾಖಲೆಯಿದೆ. ಹಗ್ಗ ಹೋಯಿತು, ರಾಟೆ ಹೋಯಿತು. ಗಂಟಿನ ಲೆಕ್ಕ ಮಾತ್ರ ಉಳಿಯಿತು.

ಅದು ಏಕೆ ಉಳಿಯಿತೆಂಬುದಕ್ಕೆ ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ಒಂದು ಪ್ರಸಂಗ ಉತ್ತರ ಕೊಡುತ್ತದೆ. ಧ್ರುವದಿಂದ ಭೂಮಧ್ಯರೇಖೆಗಿರುವ ದೂರದ ಕೋಟಿಯಲ್ಲೊಂದು ಪಾಲನ್ನು ಮೀಟರೆಂದು ನಿಶ್ಚಯಿಸಿದ ಪಂಡಿತರು, ಅದರೊಡನೆಯೇ ಲಂಬಕೋನವನ್ನು ತೊಂಬತ್ತರ ಬದಲು ನೂರು ಅಂಶಗಳಾಗಿಯೂ, ಪ್ರತಿ ಅಂಶವನ್ನು ನೂರು ಕಲೆಗಳಾಗಿಯೂ ವಿಭಾಗಿಸಲು ಹೊರಟಿದ್ದರು. ಹಾಗೆ ಆಗಿದ್ದ ಪಕ್ಷದಲ್ಲಿ ಒಂದು ಹೊಸ ಕಲೆಗೆ ಸರಿಯಾಗಿ ಒಂದು ಕಿಲೋಮೀಟರು ಸಲ್ಲುತ್ತಿತ್ತು. ಕಿಲೋಮೀಟರೇ ನಾವಿಕರ ಮೈಲಿಯಾಗುತ್ತಿತ್ತು. ಮೀಟರು ಗೆದ್ದಿತು, ದಶಮಾನದ ಕೋನ ಸೋತಿತು. ಜಗತ್ತಿನ ಭೂಪಟಗಳೆಲ್ಲ ತೊಂಬತ್ತು ಡಿಗ್ರಿಗಳಲ್ಲಿಯೇ ನಿಂತುವು. ಮರ್ಕೇಟರನ ರೀತಿಯ ಸಮುದ್ರನಕ್ಷೆಯಲ್ಲಿ ದೂರವನ್ನು ಅಳೆಯಬೇಕಾದವನು ಕೈವಾರವನ್ನು ಪಕ್ಕದ ಅಕ್ಷಾಂಶದ ಅಂಚಿಗೆ ಒಯ್ದು, ಅಲ್ಲಿ ಒಂದು ಕಲೆಗೆ ಒಂದು ಮೈಲಿಯಂತೆ ಓದಿಕೊಳ್ಳುತ್ತಾನೆ. ಈ ಸೌಕರ್ಯವನ್ನು ಕಿಲೋಮೀಟರು ಕೊಡಲಾರದು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರುವ ಕಾರಣ ಒಂದು ಕಲೆಯ ಉದ್ದವು ಭೂಮಧ್ಯರೇಖೆಯ ಬಳಿ ಸುಮಾರು 1843 ಮೀಟರಿನಿಂದ ಧ್ರುವದ ಬಳಿ ಸುಮಾರು 1862 ಮೀಟರಿನವರೆಗೆ ವ್ಯತ್ಯಾಸಗೊಳ್ಳುವುದರಿಂದ ದೇಶಕ್ಕೊಂದು ಮೈಲಿ ಬಳಕೆಯಲ್ಲಿತ್ತು. ಬ್ರಿಟಿಷರದು 6080 ಅಡಿ. 1929ರಲ್ಲಿ ಮೊನಾಕೋದಲ್ಲಿ ಕೂಡಿದ ಜಲಮಾಪನ ಸಮ್ಮೇಳನವು 1852 ಮೀಟರೆಂದು ಗೊತ್ತುಮಾಡಿತು. ಅಮೆರಿಕವು ಅದನ್ನು 1954ರಲ್ಲಿ, ಬ್ರಿಟನ್ನು 1970ರಲ್ಲಿ ಅಂಗೀಕರಿಸಿದುವು.

ವಿಮಾನಕ್ಕೂ ನಾಟ್‌ಗೂ ಜನ್ಮಸಂಬಂಧವೇನೂ ಇರಲಿಲ್ಲ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ವೇಗಮಾಪಕದಲ್ಲಿ ಇದ್ದುದು ನೆಲದ ಮೈಲಿ. ಸೋವಿಯತ್ ವಿಮಾನಗಳಲ್ಲಿ ಕಿಲೋಮೀಟರು. ಆದರೆ ಸಾಗರಗಳನ್ನು ದಾಟುವ ದೂರಯಾನ ಮೊದಲಾದೊಡನೆ ವಿಮಾನದ ಮಾರ್ಗದರ್ಶಿಯೂ ನಾವಿಕನ ನಕ್ಷೆಯನ್ನೇ ಹರಡಿಕೊಂಡು, ನಾವಿಕನಂತೆಯೇ ವೇಗ ದಿಕ್ಕು ಕಾಲಗಳಿಂದ ತಾನಿರುವ ಸ್ಥಳವನ್ನು ಕಂಡುಕೊಳ್ಳಬೇಕಾಯಿತು. ಗಾಳಿಯ ವೇಗವನ್ನು ತನ್ನ ವೇಗದೊಡನೆ ಕೂಡಿಸಿ ಕಳೆಯಬೇಕಾದವನಿಗೆ ಎರಡೂ ಒಂದೇ ಮಾನದಲ್ಲಿರುವುದು ಅವಶ್ಯವಾಯಿತು. ಅಮೆರಿಕದ ಸೇನಾವಿಮಾನಗಳು 1946ರಲ್ಲಿ, ನಾಗರಿಕ ವಿಮಾನಯಾನದ ಅಧಿಕಾರಿಗಳು 1952ರಲ್ಲಿ ನಾಟನ್ನು ಒಪ್ಪಿಕೊಂಡರೂ, ಅಲ್ಲಿಯ ಚಿಕ್ಕ ವಿಮಾನಗಳು ಇನ್ನೂ ಎರಡು ದಶಕಗಳ ಕಾಲ ಮೈಲಿಯನ್ನು ಬಿಡಲಿಲ್ಲ. ಆಕಾಶದಲ್ಲಿ ಹಲಗೆಯ ಸ್ಥಾನವನ್ನು ತುಂಬಿದುದು, ಆನ್ರಿ ಪಿತೋ 1732ರಲ್ಲಿ ಪ್ಯಾರಿಸಿನ ಸೇನ್ ನದಿಯ ಹರಿವನ್ನು ಅಳೆಯಲು ಉಪಯೋಗಿಸಿದ ಬಾಗಿದ ಕೊಳವೆಯ ಸಂತತಿ. ಅದು ಅಳೆಯುವುದು ಎದುರುಗಾಳಿಯ ಒತ್ತಡವನ್ನಾದ ಕಾರಣ, ಗಾಳಿ ತೆಳುವಾದ 35,000 ಅಡಿಗಳ ಎತ್ತರದಲ್ಲಿ ಮುಳ್ಳು 250 ನಾಟ್ ತೋರಿಸುತ್ತಿರುವಾಗಲೇ ವಿಮಾನವು 400ಕ್ಕೂ ಮಿಗಿಲಾದ ವೇಗದಿಂದ ಗಾಳಿಯನ್ನು ಸೀಳುತ್ತಿರುತ್ತದೆ. ಹಡಗಿನ ಹಗ್ಗ ಪ್ರವಾಹವನ್ನು ಅರಿಯದಿದ್ದಂತೆ ಈ ಕೊಳವೆಯೂ ಬೀಸುಗಾಳಿಯನ್ನು ಅರಿಯದು.

ನಮ್ಮ ಕರಾವಳಿಯ ಜನ ಈ ಮಾನವನ್ನು ಎದುರುಗೊಳ್ಳುವುದು ಹವಾಮಾನದ ಸೂಚನೆಯಲ್ಲಿ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಗಾಳಿ 34 ನಾಟ್ ತಲುಪಿದರೆ ಅದು ಚಂಡಮಾರುತ. 48ಕ್ಕೆ ತೀವ್ರ, 64ಕ್ಕೆ ಅತಿ ತೀವ್ರ. ವಿಚಿತ್ರವಾಗಿ ತೋರುವ ಈ ಸಂಖ್ಯೆಗಳು ನೌಕಾಧಿಕಾರಿ ಬೋಫರ್ಟನು 1805ರಲ್ಲಿ ರಚಿಸಿದ ಗಾಳಿಯ ಶ್ರೇಣಿಯ ಎಂಟು, ಹತ್ತು, ಹನ್ನೆರಡನೆಯ ಮೆಟ್ಟಿಲುಗಳಿಗೆ ಸರಿಹೊಂದುತ್ತವೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನಗಳನ್ನು ಕುರಿತ ಐದನೆಯ ಅನುಬಂಧದಲ್ಲಿ ನಾಟ್ ಇಂದಿಗೂ ಮೆಟ್ರಿಕ್ ಮಾನಕ್ಕೆ ಪರ್ಯಾಯವಾಗಿ ತಾತ್ಕಾಲಿಕವಾಗಿ ಬಳಸಬಹುದಾದ ಮಾನಗಳ ಪಟ್ಟಿಯಲ್ಲಿದೆ. ಆ ಅವಧಿ ಮುಗಿಯುವ ದಿನಾಂಕವನ್ನು ಮಾತ್ರ ಇದುವರೆಗೆ ಗೊತ್ತುಮಾಡಿಲ್ಲ.