ಮನೆ ಮಂಜೂರಿಗೆ ಮೊದಲು ಹಕ್ಕುಪತ್ರ

ಸೂರಿಲ್ಲದವರಿಗೆ ಬಸವ ವಸತಿ ಇದೆ, ಪ್ರಧಾನಮಂತ್ರಿ ಆವಾಸ್ ಯೋಜನೆಯ ₹1.20 ಲಕ್ಷವೂ ಇದೆ. ಆದರೆ ಜಾಗದ ಕಾಗದ ಇಲ್ಲದಿದ್ರೆ ಯಾವುದೂ ಕೈಗೆ ಸಿಗಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಅರ್ಹರಿಗೆ ಹಳ್ಳಿಯಲ್ಲಿ ಭೂಕಂದಾಯ ಕಾಯ್ದೆಯ 94ಸಿ, ಪಟ್ಟಣದಲ್ಲಿ 94ಸಿಸಿ ಅಡಿ ಹಕ್ಕುಪತ್ರ ಸಿಗುತ್ತದೆ. ದಾಖಲೆಯಿಲ್ಲದ ತಾಂಡಾ, ಹಟ್ಟಿಯವರ ದಾರಿ ಬೇರೆ: ಊರು ಕಂದಾಯ ಗ್ರಾಮ ಆಗಬೇಕು. 2025ರ ಮೇ 20ರಂದು ನದಿಯಾಚೆಯ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ ಹಂಚಿದ್ದು ಇಂಥವರಿಗೇ.

ಹಳ್ಳಿಗಳಲ್ಲಿ ಫಲಾನುಭವಿ ಆಯ್ಕೆ ಗ್ರಾಮಸಭೆಯದು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಮಂಗಳೂರು, ಬೆಂಗಳೂರಿಗೆ ದುಡಿಯಾಕ ಹೋದವರಿಗೆ ಸಭೆಯ ಸುದ್ದಿಯೇ ಮುಟ್ಟಲ್ಲ. ನಿಜವಾದ ಸೂರಿಲ್ಲದವರು ತಪ್ಪಿಹೋಗೋದು ಇಲ್ಲೇ. ಊರಲ್ಲಿರೋ ಬಂಧುಗಳು ಒಂದು ಫೋನ್ ಹಚ್ಚಬೇಕು.

ಬಸವ ವಸತಿಯಲ್ಲಿ ಬುನಾದಿ ಹಾಕಿ ಫೋಟೊ ಏರಿಸಿದ ಮೇಲೆಯೇ ಮೊದಲ ಕಂತು. ಅಲ್ಲಿವರೆಗೆ ಸಿಮೆಂಟು, ಕಬ್ಬಿಣ ಉದ್ರಿ ಕೊಡೋ ಅಂಗಡಿಯವರೇ ಆಸರೆ.