ವೈಂಡಿಂಗಿಗೆ ಕೊಟ್ಟ ಮೋಟಾರು: ಕುಪವಾಡ ಎಂಐಡಿಸಿಯ ಕನ್ನಡಿಗರಿಗೆ ಮಾಹಿತಿ

ಕುಪವಾಡ ಎಂಐಡಿಸಿಯಲ್ಲಿ ಒಂದೆರಡು ಲೇಥ್ ಇಟ್ಟುಕೊಂಡವರು, ಬಾಡಿಗೆ ಶೆಡ್ಡಿನಲ್ಲಿ ಫ್ಯಾಬ್ರಿಕೇಶನ್ ಮಾಡುವವರು, ಮಿರಜ ಪೂರ್ವಭಾಗದ ಮತ್ತು ಕಾಗವಾಡ, ಅಥಣಿ ಕಡೆಯ ದ್ರಾಕ್ಷಿ ತೋಟದವರು ಹೇಳಿಕೊಳ್ಳುವ ತೊಂದರೆ ಹೆಚ್ಚುಕಡಿಮೆ ಒಂದೇ. ಮೋಟಾರು ಸುಟ್ಟಿತು, ವೈಂಡಿಂಗಿಗೆ ಕೊಟ್ಟೆವು. ಎರಡು ದಿನ ಎಂದವರು ಎರಡು ವಾರ ಓಡಾಡಿಸಿದರು. ಕೊನೆಗೆ ಬಂದ ಮೋಟಾರು ತಿಂಗಳು ತುಂಬುವ ಮೊದಲೇ ಮತ್ತೆ ಸುಟ್ಟಿತು. ಕೇಳಿದರೆ ‘ನಿಮ್ಮ ಕರೆಂಟೇ ಸರಿ ಇಲ್ಲ’ ಎಂಬ ಉತ್ತರ. ದೆವ್ವ ಒಳಗೆ ಬರಬಾರದೆಂದು ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಕೆಲವು ದುರಸ್ತಿ ಅಂಗಡಿಗಳು ಅದೇ ಮಾತನ್ನು ಗಿರಾಕಿಗೆ ಹೇಳುತ್ತವೆ. ಒಂದೇ ಯಂತ್ರದ ಮೇಲೆ ಮನೆ ನಡೆಯುವವನಿಗೆ, ಅಕ್ಟೋಬರ್ ಚಾಟ್ನಿ ಮುಗಿಸಿ ಔಷಧಿ ಹೊಡೆಯಲು ಕಾದಿರುವ ರೈತನಿಗೆ ಆ ‘ನಾಳೆ’ ತುಂಬಾ ದುಬಾರಿ.

ಪ್ರಾಮಾಣಿಕ ಕುಶಲಕರ್ಮಿಗಳು ಇಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂಬುದನ್ನೂ ಹೇಳಬೇಕು. ವಾರ್ನಿಶ್ ಹಾಕಿದ ವೈಂಡಿಂಗ್ ಒಣಗಲು ಹಲವು ತಾಸು ಬೇಕೇ ಬೇಕು. ಆದ್ದರಿಂದ ತಡ ಮಾಡುವವರ ವಿಷಯದಲ್ಲಷ್ಟೇ ಅಲ್ಲ, ದೊಡ್ಡ ಮೋಟಾರನ್ನು ಸಂಜೆಯೊಳಗೆ ಕೊಟ್ಟುಬಿಡುತ್ತೇನೆ ಎನ್ನುವವರ ವಿಷಯದಲ್ಲೂ ಎಚ್ಚರ ಇರಲಿ.

ಒಪ್ಪಿಸುವ ದಿನ

ಜಗಳದ ಮುಕ್ಕಾಲು ಪಾಲು ಯಂತ್ರ ಒಪ್ಪಿಸುವ ದಿನವೇ ತೀರ್ಮಾನವಾಗಿರುತ್ತದೆ. ರಸೀದಿ ಇಲ್ಲದೆ ಮೋಟಾರು ಬಿಟ್ಟು ಬರಬೇಡಿ. ಇಲ್ಲಿ ರಸೀದಿಗೆ ‘ಪಾವತಿ’ ಎನ್ನುತ್ತಾರೆ. ಕನ್ನಡದಲ್ಲಿ ಪಾವತಿ ಎಂದರೆ ಹಣ ಸಲ್ಲಿಸುವುದು, ಹೊಸದಾಗಿ ಬಂದವರು ಗಲಿಬಿಲಿಗೊಳ್ಳಬಾರದು. ಅದರಲ್ಲಿ ಕಂಪನಿಯ ಹೆಸರು, ಎಚ್‌ಪಿ, ನೇಮ್ ಪ್ಲೇಟಿನ ಸೀರಿಯಲ್ ನಂಬರ್, ಅಂದಾಜು ಖರ್ಚು, ಗ್ಯಾರಂಟಿ ಎಷ್ಟು ತಿಂಗಳು, ಹಳೆಯ ತಾಮ್ರದ ತಂತಿ ಯಾರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಮರಳಿ ಕೊಡುವ ತಾರೀಖು ಇರಬೇಕು. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಇದನ್ನೆಲ್ಲ ನೀವೇ ಫೋಟೋ ಸಮೇತ ವಾಟ್ಸಾಪಿನಲ್ಲಿ ಕಳಿಸಿ. ಆ ಕಡೆಯಿಂದ ಒಂದು ‘ಹೋ’ ಬಂದರೂ ಅದು ಪುರಾವೆಯೇ. ಜಿಎಸ್‌ಟಿ ನೋಂದಣಿ ಇರುವವರು 55ನೇ ನಿಯಮದಂತೆ ಡೆಲಿವರಿ ಚಲನ್ ಮಾಡಿ, ನಮ್ಮ ಪ್ರತಿಯ ಮೇಲೆ ಅಂಗಡಿಯ ಸಹಿ ಹಾಕಿಸಿಕೊಳ್ಳಬೇಕು.

ತಾರೀಖಿನ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ದುರಸ್ತಿಗೆ ಪಡೆದ ವಸ್ತುವನ್ನು ಅಂಗಡಿಯವನು ತನ್ನ ಸ್ವಂತ ವಸ್ತುವಿನಂತೆ ಜೋಪಾನ ಮಾಡಬೇಕು (ಕಲಂ 151). ಅವನ ತಪ್ಪಿನಿಂದ ಹೇಳಿದ ಸಮಯಕ್ಕೆ ವಸ್ತು ಮರಳಿ ಸಿಗದಿದ್ದರೆ, ಅಲ್ಲಿಂದ ಮುಂದೆ ಅದಕ್ಕೆ ಆಗುವ ಹಾನಿಗೆಲ್ಲ ಅವನೇ ಹೊಣೆ (ಕಲಂ 161). ಸಮಯವನ್ನೇ ಗೊತ್ತು ಮಾಡದಿದ್ದರೆ ಅದು ಮೀರಿತೆಂದು ತೋರಿಸುವುದು ಕಷ್ಟ.

ಸುಟ್ಟ ವೈಂಡಿಂಗ್ ಹೇಳುವುದೇನು

ಹಳೆಯ ವೈಂಡಿಂಗನ್ನು ಕತ್ತರಿಸುವ ಮೊದಲು ನಮಗೆ ತೋರಿಸಬೇಕು ಎಂದು ಹೇಳಿಡಿ, ಫೋಟೋ ತೆಗೆಯಿರಿ. ಸುಟ್ಟ ಗುರುತಿನಲ್ಲೇ ಕಾರಣ ಇರುತ್ತದೆ. ಮೂರೂ ಫೇಸಿನ ಸುರುಳಿಗಳು ಒಂದೇ ಸಮ ಕಪ್ಪಾಗಿದ್ದರೆ ಸಾಮಾನ್ಯವಾಗಿ ಓವರ್‌ಲೋಡ್. ಒಂದು ಫೇಸ್ ಹೋಗಿ ಮೋಟಾರು ಓಡಿದ್ದರೆ, ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ಸುರುಳಿ ಸುಟ್ಟು ಒಂದು ಚೆನ್ನಾಗಿರುತ್ತದೆ. ಡೆಲ್ಟಾದಲ್ಲಿ ಒಂದೇ ಫೇಸಿನದು ಸುಡುತ್ತದೆ. ಒಂದೇ ಜಾಗದಲ್ಲಿ ಚಿಕ್ಕದಾಗಿ ಕರಗಿ ಉಳಿದದ್ದೆಲ್ಲ ಹೊಸದಾಗಿದ್ದರೆ ತಂತಿಯ ಎನಾಮೆಲ್ ಅಥವಾ ಇನ್ಸುಲೇಶನ್ ಕೈಕೊಟ್ಟಿರುವ ಸಂಭವ ಹೆಚ್ಚು. ಈಗಷ್ಟೇ ಸುತ್ತಿದ ಮೋಟಾರಿನಲ್ಲಿ ಹೀಗೆ ಕಂಡರೆ ಮೊದಲು ಉತ್ತರ ಕೊಡಬೇಕಾದವರು ಸುತ್ತಿದವರು.

ಹಳೆಯ ತಂತಿಯನ್ನು ತೂಗಿಸಿ. ಹೊಸದಾಗಿ ಹಾಕಿದ ತಾಮ್ರವೂ ಸುಮಾರು ಅಷ್ಟೇ ತೂಗಬೇಕು. ತುಂಬಾ ಕಡಿಮೆ ಇದ್ದರೆ ಸುತ್ತು ಕಡಿಮೆ ಮಾಡಿದ್ದಾರೆ, ಇಲ್ಲವೇ ಗೇಜ್ ಇಳಿಸಿದ್ದಾರೆ. ತಾಮ್ರದ ಬದಲು ಅಲ್ಯೂಮಿನಿಯಂ ಹಾಕಿರುವ ಅನುಮಾನ ಬಂದರೆ ತಂತಿಯ ತುದಿಯನ್ನು ಕತ್ತರಿಸಿ ಒಳಬಣ್ಣ ನೋಡಿದರೆ ಸಾಕು. ಸುಟ್ಟ ತಾಮ್ರಕ್ಕೂ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ, ಅದು ನಿಮ್ಮ ಆಸ್ತಿ. ಅಂಗಡಿಯವರೇ ಇಟ್ಟುಕೊಳ್ಳುವುದಾದರೆ ಬಿಲ್ಲಿನಲ್ಲಿ ಕಡಿತ ಕಾಣಬೇಕು. ಬಿಡಿಭಾಗ ಸಿಗಲಿಲ್ಲ ಎಂಬ ನೆಪ ಪಂಪಿನ ವಿಷಯದಲ್ಲಿ ಬಂದರೆ, 1910ರಿಂದ ಕಿರ್ಲೋಸ್ಕರವಾಡಿ ಇರುವ ಜಿಲ್ಲೆ ಇದು ಎಂಬುದನ್ನು ನೆನಪಿಸಬಹುದು.

ಮರಳಿ ಪಡೆಯುವಾಗ ಅಂಗಡಿಯಲ್ಲೇ 500 ವೋಲ್ಟಿನ ಮೆಗ್ಗರ್ ಹಚ್ಚಿಸಿ. ಹೊಸ ವೈಂಡಿಂಗ್ 5 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಮೋಟಾರು ಎತ್ತಿಕೊಳ್ಳಬೇಡಿ. ಚೆನ್ನಾಗಿ ಒಣಗಿದ ವೈಂಡಿಂಗ್ ಇದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಆಮೇಲೆ ಲೋಡ್ ಇಲ್ಲದೆ ಓಡಿಸಿ, ಮೂರೂ ತಂತಿಗಳಲ್ಲಿ ಕ್ಲ್ಯಾಂಪ್ ಮೀಟರಿನಿಂದ ಆಂಪಿಯರ್ ನೋಡಿ. ಮೂರೂ ಹೆಚ್ಚುಕಡಿಮೆ ಸಮ ಇರಬೇಕು.

ಸಮ ಇಲ್ಲದಿದ್ದರೆ ‘ಕರೆಂಟೇ ಸರಿ ಇಲ್ಲ’ ಎಂಬ ಮಾತು ಬರುತ್ತದೆ. ಅದು ನಿಜವೂ ಇರಬಹುದು, ಮತ್ತು ಪರೀಕ್ಷೆ ಸುಲಭ. ಸಪ್ಲೈ ಬಂದ್ ಮಾಡಿ, ಮೋಟಾರಿನ ಮೂರು ತಂತಿಗಳನ್ನೂ ಒಂದೊಂದು ಮನೆ ಮುಂದಕ್ಕೆ ಸರಿಸಿ ಜೋಡಿಸಬೇಕು. ಮೂರನ್ನೂ ಸರಿಸುವುದರಿಂದ ತಿರುಗುವ ದಿಕ್ಕು ಬದಲಾಗುವುದಿಲ್ಲ. ಮತ್ತೆ ಅಳೆದಾಗ ಹೆಚ್ಚಿನ ಆಂಪಿಯರ್ ಮೋಟಾರಿನ ಅದೇ ತಂತಿಯ ಜೊತೆಗೆ ಸರಿದು ಬಂದಿದ್ದರೆ ದೋಷ ಮೋಟಾರಿನದು. ಸಪ್ಲೈನ ಅದೇ ಫೇಸಿನಲ್ಲೇ ಉಳಿದಿದ್ದರೆ ಮಹಾವಿತರಣದ ಲೈನು ಅಥವಾ ನಿಮ್ಮ ಶೆಡ್ಡಿನ ವೈರಿಂಗ್ ನೋಡಿಸಬೇಕು. ಈ ಕೆಲಸವನ್ನು ತಿಳಿದ ವೈರ್‌ಮನ್ ಕೈಯಿಂದಲೇ, ಇಬ್ಬರ ಎದುರಿಗೆ ಮಾಡಿಸಿ. ಹತ್ತು ನಿಮಿಷದಲ್ಲಿ ತಿಂಗಳ ವಾದ ಮುಗಿಯುತ್ತದೆ.

ಯಂತ್ರ ಹಿಡಿದಿಟ್ಟುಕೊಂಡರೆ

ಕೆಲಸ ಮಾಡಿದ ಕೂಲಿ ಬರುವವರೆಗೆ ಅದೇ ಯಂತ್ರವನ್ನು ಇಟ್ಟುಕೊಳ್ಳುವ ಹಕ್ಕು ಅಂಗಡಿಗೆ ಇದೆ (ಒಪ್ಪಂದ ಕಾಯ್ದೆಯ ಕಲಂ 170). ಕಾಯ್ದೆಯೇ ಕೊಡುವ ಉದಾಹರಣೆಯಲ್ಲಿ ವಜ್ರ ಕತ್ತರಿಸಿ ಹೊಳಪು ಕೊಟ್ಟ ರತ್ನಪಡಿ ಕೂಲಿ ಸಿಗುವ ತನಕ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಮೂರು ತಿಂಗಳ ಉದ್ದರಿಗೆ ಒಪ್ಪಿದ ದರ್ಜಿ ಕೋಟನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಇದರಿಂದ ತಿಳಿಯಬೇಕಾದ್ದು: ಹಕ್ಕು ಇರುವುದು ಮಾಡಿದ ಕೆಲಸಕ್ಕೆ ಮತ್ತು ಆ ಒಂದು ಯಂತ್ರದ ಮೇಲೆ. ಬೇರೆ ಒಪ್ಪಂದ ಇಲ್ಲದಿದ್ದರೆ ಕಳೆದ ವರ್ಷದ ಪಂಪಿನ ಬಾಕಿಗಾಗಿ ಈ ವರ್ಷದ ಗ್ರೈಂಡರ್ ಹಿಡಿಯುವಂತಿಲ್ಲ. ಯಂತ್ರ ಕೊಟ್ಟೇ ಇಲ್ಲ ಎಂದು ವಾದಿಸಿದರೆ ಅಥವಾ ಅದನ್ನು ಮಾರಿಕೊಂಡಿದ್ದರೆ ಮಾತ್ರ ಪೊಲೀಸ್ ಠಾಣೆಯ ವಿಷಯ (ಭಾರತೀಯ ನ್ಯಾಯ ಸಂಹಿತೆಯ ಕಲಂ 316, ನಂಬಿಕೆ ದ್ರೋಹ). ಬರೀ ತಡಕ್ಕೆ ಠಾಣೆ ಹತ್ತಿದರೆ ಸಮಯ ಹಾಳು.

ದೂರು ಕೊಡುವುದಾದರೆ

ಮೊದಲು ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್: ಕೊಟ್ಟ ದಿನ, ಹೇಳಿದ ದಿನ, ಆದದ್ದು, ಏನು ಬೇಕು, 15 ದಿನದ ಗಡುವು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮರಾಠಿಯ ‘ತಕ್ರಾರ’ ಎಂದರೆ ದೂರು, ನಮ್ಮ ತಕರಾರಿನಂತೆ ತಂಟೆ ಎಂಬ ಅರ್ಥವಿಲ್ಲ. ಅರ್ಜಿಯ ಮೇಲೆ ಆ ಶಬ್ದ ಕಂಡು ಯಾರೂ ಹಿಂಜರಿಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು.

ಗಡಿಯಾಚೆಯ ನಮ್ಮ ಸದಸ್ಯರು ಗಮನಿಸಬೇಕಾದ ಮಾತು ಇನ್ನೊಂದಿದೆ. 1986ರ ಹಳೆಯ ಕಾಯ್ದೆಯಲ್ಲಿ ಅಂಗಡಿ ಇರುವ ಅಥವಾ ವ್ಯವಹಾರ ನಡೆದ ಊರಿನಲ್ಲೇ ದೂರು ಹಾಕಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯ ಕಲಂ 34 ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದಲ್ಲೂ ದೂರಿಗೆ ಅವಕಾಶ ಕೊಟ್ಟಿದೆ. ಮೋಟಾರು ಕೊಟ್ಟದ್ದು ಕುಪವಾಡದಲ್ಲಾದರೂ ಕಾಗವಾಡದ ರೈತ ಬೆಳಗಾವಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಸಾಂಗಲಿಗೆ ಅಲೆಯಬೇಕಿಲ್ಲ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಲೂ ಬರುತ್ತದೆ.

ಕಾರ್ಖಾನೆಯವರಿಗೆ ಒಂದು ಅಡ್ಡಿ ಇದೆ: ವಾಣಿಜ್ಯ ಉದ್ದೇಶದ ವ್ಯವಹಾರಕ್ಕೆ ಗ್ರಾಹಕ ಆಯೋಗದಲ್ಲಿ ಜಾಗವಿಲ್ಲ. 1995ರಲ್ಲಿ ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. ಹೊಟ್ಟೆಪಾಡಿಗಾಗಿ ಲೇಥ್ ಕೊಂಡು ತಾನೇ ಓಡಿಸುವವನು, ಒಂದಿಬ್ಬರ ಸಹಾಯ ಪಡೆದರೂ, ಗ್ರಾಹಕನೇ. ದೊಡ್ಡ ಪ್ರಮಾಣದಲ್ಲಿ ಲಾಭಕ್ಕೆ ನಡೆಸುವವನು ಅಲ್ಲ. ಆ ದಾವೆ ಹೂಡಿದ ಸಂಸ್ಥೆಗೇ ಈ ಕಾರಣಕ್ಕೆ ಪರಿಹಾರ ಸಿಗಲಿಲ್ಲ. ರೈತರು ಗ್ರಾಹಕರು ಎಂದು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ಆದ್ದರಿಂದ ಸ್ವಂತ ದುಡಿಮೆಯವರು ‘ಸ್ವಯಂ ಉದ್ಯೋಗದಿಂದ ಜೀವನೋಪಾಯ’ ಎಂಬ ಸಂಗತಿಯನ್ನು ದೂರಿನ ಮೊದಲ ಪುಟದಲ್ಲೇ ಬರೆಯಬೇಕು. ದೊಡ್ಡ ಘಟಕದವರಿಗೆ ಉಳಿಯುವುದು ಸಿವಿಲ್ ದಾವೆ. ಅದಕ್ಕೂ ಮೊದಲು ಎಂಐಡಿಸಿಯ ಹಿರಿಯ ಉದ್ಯಮಿಗಳನ್ನು ನಡುವೆ ಕೂರಿಸಿ ಮಾತಾಡುವುದು ಅಗ್ಗ.

ಎರಡನೇ ಸಲ ಸುಟ್ಟ ಮೋಟಾರನ್ನು ಸಿಟ್ಟಿನಲ್ಲಿ ಕೂಡಲೇ ಇನ್ನೊಂದು ಅಂಗಡಿಯಲ್ಲಿ ಬಿಚ್ಚಿಸಬೇಡಿ. ಮೊದಲಿನವರಿಗೆ ತಿಳಿಸಿ, ಅವರು ಬಾರದಿದ್ದರೆ ಎರಡನೆಯವರಿಂದ ತೂಕ, ಗೇಜ್, ಸುಟ್ಟ ಜಾಗ ಇವನ್ನು ತಾರೀಖು ಮತ್ತು ಸಹಿಯೊಂದಿಗೆ ಬರೆಸಿಕೊಂಡು, ತೆಗೆದ ತಂತಿಯನ್ನು ಚೀಲದಲ್ಲಿ ಕಟ್ಟಿಟ್ಟ ಮೇಲೆಯೇ ಹೊಸ ವೈಂಡಿಂಗಿಗೆ ಹೇಳಿ.